ಆರ್ಜೆಲ್ಲಾ ಮಿಮ್ಸ್ ಅಂಗಳದ ಮಾರಾಟದ ಬೋರ್ಡುಗಳು

ಭಾನುವಾರ ಬೆಳಿಗ್ಗೆ ಚರ್ಚಿಗೆ ಹೊರಟು ಬಾಗಿಲು ತೆಗೆದ ಆರ್ಜೆಲ್ಲಾ ಮಿಮ್ಸ್‌ಗೆ ಕಂಡದ್ದು ಅಂಗಳದ ತುಂಬ ನೆಟ್ಟಿದ್ದ ಬೋರ್ಡುಗಳು. ತಂತಿ ಕಾಲು, ಬಿಳಿ ಹಲಗೆ, ಕೆಂಪು ಅಕ್ಷರ. ಎಲ್ಲದರ ಮೇಲೂ ಒಂದೇ ಮಾತು: ಮನೆ ಮಾರಾಟಕ್ಕಿದೆ. ಗುಲಾಬಿ ಗಿಡದ ಬುಡದಲ್ಲೊಂದು, ಅಂಚೆ ಡಬ್ಬಿಗೆ ಒರಗಿಕೊಂಡು ಒಂದು, ಉಳಿದವು ಕುಡಿದವರು ಸಸಿ ನೆಟ್ಟ ಹಾಗೆ ಹುಲ್ಲಿನ ಮೇಲೆ ಅಡ್ಡಾದಿಡ್ಡಿ.

ಅವಳು ಕೂಗಲಿಲ್ಲ. ತಲೆಯ ಮೇಲಿದ್ದ ನೇರಳೆ ಟೋಪಿಯನ್ನು ತೆಗೆಯಲೂ ಇಲ್ಲ. ಜಗುಲಿಯ ಕುರ್ಚಿ ಎಳೆದುಕೊಂಡು ಕೂತಳು. ಇಂಥ ಬೋರ್ಡುಗಳನ್ನು ಅವಳು ಮೊದಲ ಸಲ ನೋಡುತ್ತಿರಲಿಲ್ಲ. ಆದರೆ ಹಿಂದಿನ ಸಲ ಅವು ನಿಂತದ್ದು ಬೇರೆಯವರ ಅಂಗಳದಲ್ಲಿ, ಮತ್ತು ಆಗ ಅವಳಿಗೆ ಇನ್ನೂ ನಲವತ್ತು ತುಂಬಿರಲಿಲ್ಲ.

ಪೊಮೆರಿ ಅಲಬಾಮಾದ ಸಣ್ಣ ಊರು. ಒಂದು ಕೋಳಿ ಕಾರ್ಖಾನೆ, ಒಂದು ಕಾಲೇಜು, ಕಾಲೇಜಿಗೊಂದು ಅಮೆರಿಕನ್ ಫುಟ್‌ಬಾಲ್ ತಂಡ, ಚೆಂಡನ್ನು ಒದೆಯುವುದಕ್ಕಿಂತ ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ತಂಡದ ಹೆಸರು ಟಗರುಗಳು. ಆರ್ಜೆಲ್ಲಾ ಹದಿನೆಂಟಕ್ಕೆ ಕೋಳಿ ಕಾರ್ಖಾನೆ ಸೇರಿದವಳು. ಕೊಕ್ಕೆಗೆ ನೇತುಹಾಕಿದ ಕೋಳಿಗಳು ಮುಂದೆ ಸರಿಯುತ್ತಲೇ ಇರುತ್ತವೆ. ಚೂರಿ ಹಿಡಿದ ಕೈ ನಿಲ್ಲುವ ಹಾಗಿಲ್ಲ. ಉಚ್ಚೆ ಬಂದರೆ ಮೇಸ್ತ್ರಿಯನ್ನು ಕೇಳಬೇಕು. ಕೇಳಿದರೆ ಅವನು ಇಲ್ಲ ಅನ್ನುತ್ತಾನೆ. ಸಾಲಿನಲ್ಲೇ ನಿಂತು ಬಟ್ಟೆ ಒದ್ದೆ ಮಾಡಿಕೊಂಡ ಹೆಂಗಸರಿದ್ದರು. ಒಂದು ದಿನ ಆರ್ಜೆಲ್ಲಾ ಚೂರಿ ಕೆಳಗಿಟ್ಟು, ಕೇಳದೆ ನಡೆದಳು. ಅವಳ ಹಿಂದೆ ಇಡೀ ಸಾಲು ನಡೆಯಿತು. ಪೊಮೆರಿಯಲ್ಲಿ ಯೂನಿಯನ್ ಹುಟ್ಟಿದ್ದು ಹಾಗೆ, ಕಕ್ಕಸಿನ ಬಾಗಿಲಲ್ಲಿ. ಆಮೇಲೆ ಗೇಟಿನ ಮುಂದೆ ಮುಷ್ಕರ, ಮಳೆ, ಪೊಲೀಸರ ನಾಯಿಗಳು ಎಲ್ಲ ಆಯಿತು. ಅವಳ ಬಲಗೈಯ ಎರಡು ಬೆರಳು ಇವತ್ತಿಗೂ ನೆಟ್ಟಗಾಗುವುದಿಲ್ಲ. ಅದು ಕೋಳಿ ಕೊಯ್ದದ್ದಕ್ಕೆ, ಹೋರಾಟಕ್ಕಲ್ಲ. ಹೋರಾಟ ಅವಳಿಗೆ ಕೊಟ್ಟದ್ದು ಸ್ವಲ್ಪ ಹೆಚ್ಚಿನ ಸಂಬಳ ಮತ್ತು ಆ ಸಂಬಳದಲ್ಲಿ ಕೊಂಡ ಈ ಮನೆ.

ಡಾಗ್‌ವುಡ್ ಬೀದಿಗೆ ಅಲ್ಲಿಯವರೆಗೆ ಕರಿಯ ಜನ ಬರುತ್ತಿದ್ದದ್ದು ಹುಲ್ಲು ಕತ್ತರಿಸಲು, ಇಲ್ಲವೇ ಮಕ್ಕಳ ಮುಕಳಿ ತೊಳೆಯಲು. ಗಂಡ ಸತ್ತ ಮೇಲೆ, ಅಲ್ಲಿ ಮನೆ ಕೊಂಡ ಮೊದಲ ಕರಿಯ ಹೆಂಗಸಾಗಿ, ಆರ್ಜೆಲ್ಲಾ ಮಗಳು ಶಾರ್ನೆಟ್‌ಳ ಕೈ ಹಿಡಿದು ಸಾಮಾನು ಇಳಿಸಿದಳು. ಯಾರೂ ಬೈಯಲಿಲ್ಲ, ಯಾರೂ ಕಲ್ಲು ಹೊಡೆಯಲಿಲ್ಲ. ಒಬ್ಬರಾದ ಮೇಲೆ ಒಬ್ಬರ ಅಂಗಳದಲ್ಲಿ ಬೋರ್ಡು ಎದ್ದಿತು, ಅಷ್ಟೇ. ಬಿಳಿಯರು ನಗುನಗುತ್ತಲೇ ಮಾರಿಕೊಂಡು ಹೋದರು. ಅವಳು ದಿನಾ ಸಂಜೆ ಪೈಪು ಹಿಡಿದು ಹುಲ್ಲಿಗೆ ನೀರು ಹಾಯಿಸುತ್ತ, ಸಾಮಾನಿನ ಲಾರಿಗಳಿಗೆ ಕೈ ಬೀಸುತ್ತಿದ್ದಳು.

ಹೋಗದೆ ಉಳಿದವನು ಪಕ್ಕದ ಮನೆಯ ಹಾಯ್ಟ್ ಲ್ಯಾಕಿ, ರೈಲ್ವೆಯಲ್ಲಿ ಹಳಿ ರಿಪೇರಿ ಮಾಡುತ್ತಿದ್ದ ಬಿಳಿಯ. ಒಳ್ಳೆಯತನದಿಂದ ಉಳಿದವನಲ್ಲ. ಅವನೂ ಬೋರ್ಡು ನೆಟ್ಟಿದ್ದ. ಆದರೆ ಮಳೆ ಬಂದರೆ ಅವನ ನೆಲಮಾಳಿಗೆಯಲ್ಲಿ ಕಪ್ಪೆ ಈಜುತ್ತಿದ್ದವು. ಅಂಥ ಮನೆಯನ್ನು ಯಾರು ಕೊಳ್ಳುತ್ತಾರೆ? ಬೋರ್ಡು ನಿಂತಲ್ಲೇ ಬಣ್ಣ ಬಿಟ್ಟಿತು. ಎರಡು ವರ್ಷ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮೂರನೇ ವರ್ಷ ಒಂದು ಶನಿವಾರ, ಬೇಲಿಯ ಆ ಕಡೆ ಅವನ ರೇಡಿಯೊ, ಈ ಕಡೆ ಅವಳ ರೇಡಿಯೊ, ಎರಡರಲ್ಲೂ ಟಗರುಗಳ ಆಟ.

"ಒದಿಯೋ ಚೆಂಡ, ಬೇಕೂಫ!" ಎಂದು ಹಾಯ್ಟ್ ರೇಡಿಯೊಗೆ ಕೂಗಿದ.

"ಒದೆಯೋದ್ಯಾಕೆ? ಎಸೀಲಿ!" ಎಂದು ಆರ್ಜೆಲ್ಲಾ ಬೇಲಿಗೆ ಕೂಗಿದಳು.

ಆವತ್ತು ಕತ್ತಲಾಗುವ ತನಕ ಜಗಳವಾಡಿದರು. ಅಲ್ಲಿಂದ ಈಚೆಗೆ ಇಬ್ಬರ ನಡುವೆ ಇದ್ದದ್ದು ಅದೊಂದೇ ಮಾತು. ಅವನದು ಹಳೆಯ ಕಾಲದ ಲೆಕ್ಕ: ಚೆಂಡನ್ನು ಎದೆಗವುಚಿಕೊಂಡು ಓಡು, ಆಗದಿದ್ದರೆ ಒದ್ದು ಕಳಿಸು. ಅವಳದು ನುಗ್ಗುವ ಲೆಕ್ಕ: ಅವಕಾಶ ಇರುವಾಗ ಎಸಿ. ಅವನ ಹೆಂಡತಿ ಮೇವಿಸ್ ತೀರಿಕೊಂಡಾಗ ಆರ್ಜೆಲ್ಲಾ ಹುರಿದ ಕೋಳಿ ಹಿಡಿದು ಅವನ ಬಾಗಿಲಿಗೆ ಹೋಗಿದ್ದಳು. ಸಮಾಧಾನದ ಮಾತು ಬಾಯಿಗೆ ಬರಲಿಲ್ಲ. "ಶನಿವಾರ ಮೊದಲನೇ ಆಟದಲ್ಲೇ ಎಸೀಬೇಕಿತ್ತು, ಮಿಸ್ಟರ್ ಹಾಯ್ಟ್" ಅಂದಳು. ಅವನು ಬಾಗಿಲಲ್ಲೇ ನಿಂತು ಅತ್ತು, "ಓಡೋ ಹುಡುಗನ ಕಾಲು ಚೆನ್ನಾಗಿತ್ತಲ್ವಾ, ಮಿಸ್ ಆರ್ಜೆಲ್ಲಾ" ಅಂದ.

ನಿನ್ನೆ ಶನಿವಾರ ಆದದ್ದು ಮಾತ್ರ ಬೇರೆ. ಆಟ ಮುಗಿಯಲು ಕೆಲವೇ ಕ್ಷಣ. ಟಗರುಗಳು ಮೂರು ಅಂಕ ಹಿಂದೆ. ಗೆರೆ ದಾಟಲು ಬಾಕಿ ಇದ್ದದ್ದು ಒಂದೇ ಒಂದು ಗಜ. ನಾಲ್ಕನೇ ಅವಕಾಶ, ಅಂದರೆ ಕೊನೆಯದು. ಕಂಬದ ನಡುವೆ ಒದ್ದರೆ ಸಮ, ಆಮೇಲೆ ಹೆಚ್ಚುವರಿ ಆಟ. ಗೆರೆ ದಾಟಿದರೆ ಗೆಲುವು. ಯಾವಾಗ ಯಾವ ಆಟ ಎಂದು ಹೇಳಿಕೊಡುವ ಕೋಚ್ ಮ್ಯಾಡಿಗನ್ ಒದೆಸಲೂ ಇಲ್ಲ, ನೆಟ್ಟಗೆ ನುಗ್ಗಿಸಲೂ ಇಲ್ಲ. ಕಡ್ಡಿಯಂಥ ಹುಡುಗನ ಕೈಗೆ ಚೆಂಡು ಕೊಟ್ಟು ಅಂಚಿನ ಕಡೆ ಓಡಿಸಿದ. ಹುಡುಗ ಓಡಿದ, ಓಡಿದ, ಎದುರಾಳಿಗಳು ಅಟ್ಟಿಸಿಕೊಂಡು ಬಂದಂತೆ ಹಿಂದಕ್ಕೇ ಓಡಿದ, ಐದು ಗಜ ಹಿಂದೆ ಬಿದ್ದು ಮಣ್ಣು ಮುಕ್ಕಿದ. ಇಡೀ ಊರು ಎದೆ ಬಡಿದುಕೊಂಡಿತು.

"ಸುಮ್ನೆ ಒದ್ದಿದ್ರೆ ಸಮ ಆಗ್ತಿತ್ತು" ಎಂದಿದ್ದ ಹಾಯ್ಟ್, ಬೇಲಿಗೆ ಕೈಯೂರಿ.

"ಒಂದು ಗಜಕ್ಕೆ ಒದೆಯೋನು ಹೇಡಿ ಕಣ್ರೀ."

"ಹೇಡಿ ಅಂದ್ರಾ ನನ್ನ?"

"ಅಂದೆ. ನಲವತ್ತು ವರ್ಷದಿಂದ ನೋಡ್ತಿದ್ದೀನಿ. ಓಡೋಕೂ ಆಗಲ್ಲ, ನಿಲ್ಲೋಕೂ ಆಗಲ್ಲ ನಿಮಗೆ."

ಆ ಮಾತು ಆಟದ್ದಲ್ಲ ಎಂದು ಬಾಯಿಂದ ಹೊರಬಿದ್ದ ಮೇಲೆ ಅವಳಿಗೆ ಗೊತ್ತಾಯಿತು. ಹಾಯ್ಟ್ ಕುರ್ಚಿ ಮಡಿಸಿದ, ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಅವನ ಹಳೆಯ ಗಾಡಿ ಹೊರಟ ಸದ್ದು ಕೇಳಿಸಿತು. ಇವತ್ತು ಬೆಳಿಗ್ಗೆಯೂ ಆ ಗಾಡಿ ಅಲ್ಲಿರಲಿಲ್ಲ.

ಕುರ್ಚಿಯಲ್ಲಿ ಕೂತಲ್ಲಿಂದಲೇ ಅವಳು ಮೆಂಫಿಸ್‌ನಲ್ಲಿದ್ದ ಮಗಳಿಗೆ ಫೋನ್ ಮಾಡಿದಳು.

"ಪೊಲೀಸಿಗೆ ಹೇಳಿದ್ಯಾಮ್ಮ?" ಶಾರ್ನೆಟ್ ದನಿ ಏರಿತ್ತು.

"ಇಲ್ಲ."

"ಕಿತ್ತು ಬಿಸಾಕಿದ್ಯಾ?"

"ನೆಟ್ಟೋರು ಕೀಳ್ಬೇಕು. ನಾನ್ಯಾಕೆ ಬಗ್ಗಲಿ?"

"ಅಮ್ಮಾ, ಮಾತು ಕೊಟ್ಟಿದ್ದೀಯ ನೀನು. ಆ ಬೀದಿ ನಿನ್ನ ಬೇಡ ಅಂದ ದಿನ ನನ್ನ ಹತ್ರ ಬರ್ತೀನಿ ಅಂದಿದ್ದೆ. ಇನ್ನು ಬಾಯಿಬಿಟ್ಟು ಹೇಗೆ ಅನ್ಬೇಕು ಅವ್ರು?"

"ಇನ್ನೂ ಸ್ವಲ್ಪ ಹೊತ್ತು ಕೂತಿರ್ತೀನಿ" ಎಂದು ಆರ್ಜೆಲ್ಲಾ ಫೋನ್ ಇಟ್ಟಳು.

ಮಾತು ಕೊಟ್ಟದ್ದು ನಿಜ. ಗಟ್ಟಿಯಿದ್ದಾಗ ಕೊಟ್ಟ ಮಾತು. ಎಪ್ಪತ್ತನಾಲ್ಕಕ್ಕೆ ಇನ್ನೊಂದು ಸಲ ಪೈಪು ಹಿಡಿದು, ಬೆನ್ನು ನೆಟ್ಟಗೆ ಮಾಡಿ, ನಗುತ್ತ ನಿಲ್ಲುವ ಶಕ್ತಿ ಮೊಣಕಾಲಿನಲ್ಲಿ ಉಳಿದಿರಲಿಲ್ಲ. ಈಗ ಬೀದಿಯಲ್ಲಿ ಎಲ್ಲ ಬಣ್ಣದವರೂ ಇದ್ದರು. ಎದುರು ಮನೆಯ ಮೆಕ್ಸಿಕೋದವರು ಪ್ರತಿ ಕ್ರಿಸ್‌ಮಸ್‌ಗೆ ಅವಳಿಗೆ ಜೋಳದ ಹಿಟ್ಟಿನ ತಮಾಲೆ ಕಡುಬು ಕಳಿಸುತ್ತಿದ್ದರು. ಯಾರೋ ಎಲ್ಲಿಂದಲೋ ಬಂದು ನೆಟ್ಟಿದ್ದರೆ ಅವಳು ಉಗಿದು ಸುಮ್ಮನಾಗುತ್ತಿದ್ದಳು. ಆದರೆ ಹಾಯ್ಟ್ ನೆಟ್ಟಿದ್ದರೆ? ಹಾಗಾದರೆ ಬೇಲಿಯ ಮೇಲಿನ ಅಷ್ಟು ವರ್ಷದ ಮಾತೆಲ್ಲ ಸುಳ್ಳು. ಆಗ ಈ ಮನೆಯಲ್ಲಿ ಇದ್ದು ಮಾಡುವುದೇನು? ಪೆಟ್ಟಿಗೆ ಎಲ್ಲಿಟ್ಟಿದ್ದೇನೆ ಎಂದು ಅವಳು ಯೋಚಿಸಿದ್ದೂ ಉಂಟು.

ಚರ್ಚು ಬಿಡುವ ಹೊತ್ತಿಗೆ ಹಾಯ್ಟ್‌ನ ಗಾಡಿ ಬಂತು. ಇಳಿದವನು ಬಾಗಿಲು ಹಾಕುವುದನ್ನೂ ಮರೆತು ನಿಂತ.

"ಏನ್ರೀ ಇದು, ಮಿಸ್ ಆರ್ಜೆಲ್ಲಾ? ಮನೆ ಮಾರ್ತಿದ್ದೀರಾ?"

"ಎಲ್ಲಿಗೆ ಹೋಗಿದ್ರಿ?"

"ತಂಗಿ ಮನೆಗೆ. ನಿನ್ನೆ ಹೊಟ್ಟೆ ಉರೀತಿತ್ತು, ಇಲ್ಲಿರೋಕಾಗ್ಲಿಲ್ಲ." ಅವನು ಅಂಗಳದ ಉದ್ದಕ್ಕೂ ಕಣ್ಣಾಡಿಸಿದ. "ಒಂದು ಆಟ ಸೋತಿದ್ದಕ್ಕೆ ಊರು ಬಿಡ್ತಾರಾ ಯಾರಾದ್ರೂ?"

ಅವಳು ನೇರವಾಗಿ ಕೇಳಿದಳು. ಸುತ್ತಿ ಬಳಸಿ ಕೇಳುವುದನ್ನು ಅವಳು ಕಲಿತವಳಲ್ಲ. "ನೀವು ನೆಟ್ರಾ?"

ಹಾಯ್ಟ್‌ನ ಮುಖ ಮೊದಲು ಬಿಳಿಚಿತು, ಆಮೇಲೆ ಕಿವಿಯ ತನಕ ಕೆಂಪಾಯಿತು. ಅವನು ಬೇಲಿಯ ಹತ್ತಿರ ಬಂದ.

"ನಾನು ಬೋರ್ಡು ನೆಡೋದಾದ್ರೆ ನನ್ನ ಅಂಗಳದಲ್ಲಿ ನೆಡ್ತೀನಿ ಕಣಮ್ಮ. ಒಂದ್ಸಲ ನೆಟ್ಟಿದ್ದೆ, ನೀವು ನೋಡಿದ್ದೀರಿ. ಕದ್ದು ಇನ್ನೊಬ್ಬರ ಅಂಗಳದಲ್ಲಿ ನೆಡೋ ನಾಯಿ ನಾನಲ್ಲ."

ಅದಕ್ಕಿಂತ ಸಾಚಾ ಮಾತು ಅವನು ಆಡಲು ಸಾಧ್ಯವಿರಲಿಲ್ಲ. ಆರ್ಜೆಲ್ಲಾಗೆ ಅದು ಎದೆಗೆ ತಾಕಿತು. ಹೇಡಿ ಎಂದದ್ದನ್ನು ವಾಪಸ್ ತಗೊಳ್ಳಬೇಕು ಅನ್ನಿಸಿತು, ತಗೊಳ್ಳಲಿಲ್ಲ. "ಗೇಟು ತೆಗೆದೇ ಇದೆ, ಬಂದು ಕೂತ್ಕೊಳ್ಳಿ" ಅಂದಳು. ಅಷ್ಟು ವರ್ಷದಲ್ಲಿ ಅವನು ಅವಳ ಜಗುಲಿ ಹತ್ತಿದ್ದು ಅದೇ ಮೊದಲು. ಇಬ್ಬರೂ ಪಕ್ಕಪಕ್ಕ ಕೂತು, ಮುಷ್ಕರದಲ್ಲಿ ಗೇಟು ಕಾಯುವವರ ಹಾಗೆ, ಬೋರ್ಡುಗಳನ್ನು ದುರುಗುಟ್ಟಿ ನೋಡಿದರು.

ಹೆಚ್ಚು ಕಾಯಬೇಕಾಗಲಿಲ್ಲ. ಒಂದು ಪಿಕಪ್ ಗಾಡಿ ಮೆಲ್ಲಗೆ ತೆವಳುತ್ತ ಬಂದು ನಿಂತಿತು. ಇಳಿದವರು ಇಬ್ಬರು, ಮೂವತ್ತು ದಾಟಿದವರು. ಒಬ್ಬ ಬಿಳಿಯ, ಒಬ್ಬ ಕರಿಯ, ಇಬ್ಬರ ಮೈಮೇಲೂ ಟಗರಿನ ಚಿತ್ರದ ಅಂಗಿ, ಇಬ್ಬರ ಕಣ್ಣೂ ನಿನ್ನೆಯ ಬಿಯರಿನಿಂದ ಕೆಂಪು. ಯಾರನ್ನೂ ನೋಡದೆ ಬಗ್ಗಿ ಬೋರ್ಡು ಕೀಳಲು ಕೈ ಹಾಕಿದರು.

"ಕೈ ತೆಗೀರಿ!" ಎಂದಳು ಆರ್ಜೆಲ್ಲಾ. ಕಾರ್ಖಾನೆಯ ಗೇಟಿನಲ್ಲಿ ಧ್ವನಿವರ್ಧಕ ಇಲ್ಲದೆ ಮಾತಾಡಿದ ಗಂಟಲು ಅದು. ಇಬ್ಬರೂ ಕಲ್ಲಾದರು.

ಕರಿಯನು ಮೊದಲು ತಲೆ ಎತ್ತಿದ. ಟೋಪಿ ನೋಡಿದ, ಮುದುಕಿಯನ್ನು ನೋಡಿದ, ಅವನ ಬಾಯಿ ತೆರೆದೇ ಉಳಿಯಿತು. "ಮ್ಯಾಮ್... ಇದು ಕೋಚ್ ಮ್ಯಾಡಿಗನ್ ಮನೆ ಅಲ್ವಾ?"

"ಯಾರ ಮನೆ?"

"ಲೋ ಟ್ರಿಪ್ಪು, ನಾನು ಹೇಳಿದ್ನಲ್ಲೋ!" ಅವನು ಬಿಳಿಯನ ಪಕ್ಕೆಗೆ ತಿವಿದ.

"ನೀನೆಲ್ಲಿ ಹೇಳ್ದೆ? ಟಗರು ಇದೆ, ಇದೇ ಮನೆ ಅಂತ ಗಾಡಿಯಿಂದ ಹಾರಿದವನು ನೀನು, ಡುವೇನ್!"

ಟಗರು ಇತ್ತು, ನಿಜ. ಆಟದ ಋತು ಶುರುವಾಗುವಾಗ ಕಾಲೇಜಿನ ಅಭಿಮಾನಿ ಹೆಂಗಸರು ಪ್ರತಿ ಕೋಚ್‌ನ ಅಂಗಳದಲ್ಲಿ ಮರದ ಹಲಗೆಯಲ್ಲಿ ಕೊರೆದ ಆಳುದ್ದದ ಟಗರೊಂದನ್ನು ನಿಲ್ಲಿಸುವುದು ಪೊಮೆರಿಯ ಪದ್ಧತಿ. ಹಿಂದಿನ ಕೋಚ್‌ನನ್ನು ಕೆಲಸದಿಂದ ತೆಗೆದಾಗ ಅವನ ಹೆಂಡತಿ ಸಿಟ್ಟಿನಿಂದ ಟಗರನ್ನು ಕಸದ ಪಕ್ಕ ಎಸೆದಿದ್ದಳು. ಒಳ್ಳೆಯ ಹಲಗೆ ಹಾಳಾಗುವುದೇಕೆ ಎಂದು ಆರ್ಜೆಲ್ಲಾ ಎತ್ತಿಕೊಂಡು ಬಂದು, ಕೊಂಬಿಗೆ ಬಣ್ಣ ಬಳಿದು ಗುಲಾಬಿಗಳ ಮಧ್ಯೆ ನಿಲ್ಲಿಸಿದ್ದಳು. ಸೋತ ರಾತ್ರಿ ಕೋಚ್‌ನ ಅಂಗಳದಲ್ಲಿ ಮಾರಾಟದ ಬೋರ್ಡು ನೆಟ್ಟು 'ಊರು ಬಿಡು' ಅನ್ನುವುದು ಕೂಡ ಈ ಕಡೆಯ ಹಳೆಯ ಚಾಳಿಯೇ. ಕುಡಿದ ಕಣ್ಣಿಗೆ ಟಗರು ಕಂಡಿದೆ. ಅಷ್ಟೇ.

ಅಷ್ಟೇ. ಆರ್ಜೆಲ್ಲಾ ಕುರ್ಚಿಯ ತೋಳು ಹಿಡಿದುಕೊಂಡಳು. ಮೊದಲು ಬಿಕ್ಕಳಿಕೆಯಂಥದೊಂದು ಬಂತು, ಆಮೇಲೆ ನಗು. ನಕ್ಕಳು, ಟೋಪಿ ಜಾರುವ ತನಕ ನಕ್ಕಳು. ನನ್ನ ಮೇಲೆ ಸಿಟ್ಟಲ್ಲ, ನನ್ನ ಚರ್ಮದ ಮೇಲಲ್ಲ, ಈ ಮುಂಡೇವಕ್ಕೆ ಸಿಟ್ಟು ಬಂದಿರುವುದು ನಾಲ್ಕನೇ ಅವಕಾಶದ ಒಂದು ಗಜದ ಮೇಲೆ! ಹಾಯ್ಟ್ ಗಾಬರಿಯಾಗಿ ಅವಳ ಬೆನ್ನು ತಟ್ಟಬೇಕೋ ಬೇಡವೋ ಎಂದು ಕೈ ಗಾಳಿಯಲ್ಲಿ ಹಿಡಿದುಕೊಂಡಿದ್ದ.

"ತಪ್ಪಾಯ್ತು ಮ್ಯಾಮ್" ಎಂದ ಟ್ರಿಪ್. "ಬೋರ್ಡು ನಮ್ಮತ್ತೇವು. ಮನೆ ಮಾರಿಸೋ ಆಫೀಸು ಅವಳ್ದು. ಇವತ್ತೇ ವಾಪಸ್ ತರದಿದ್ರೆ ಜೈಲಿಗೆ ಹಾಕಿಸ್ತೀನಿ ಅಂತಿದ್ದಾಳೆ."

"ನೀನು ಯಾರ ಮನೆ ಹುಡುಗ?" ಎಂದು ಅವಳು ಡುವೇನ್‌ನನ್ನು ಕೇಳಿದಳು.

"ಟಾರ್ವರ್ ಮನೆಯೋನು, ಮ್ಯಾಮ್. ಬೆಸ್ಸಿ ಟಾರ್ವರ್ ಮೊಮ್ಮಗ."

"ಬೆಸ್ಸಿ ನನ್ನ ಪಕ್ಕ ನಿಂತು ಹದಿನಾರು ವರ್ಷ ಕೋಳಿ ಕೊಯ್ದೋಳು. ಅವಳಿದ್ದಿದ್ರೆ ನಿನ್ನ ಕುಂಡೆ ಮೇಲೆ ಬರೆ ಎಳೀತಿದ್ಲು. ಮುಷ್ಕರಕ್ಕೆ ಹೋಗೋ ಮುಂಚೆ ವಿಳಾಸ ನೋಡ್ಕೋಬೇಕು ಅಂತ ಹೇಳ್ಕೊಡ್ಲಿಲ್ವಾ?"

"ಹೇಳಿದ್ಲು ಮ್ಯಾಮ್. ಕುಡಿದಾಗ ನೆನಪಿರಲ್ಲ."

"ಸರಿ. ಇಷ್ಟು ದೂರ ಬಂದಿದ್ದೀರಿ. ನೀವೇ ಕೋಚ್ ಆಗಿದ್ರೆ ಏನ್ ಮಾಡ್ತಿದ್ರಿ, ಹೇಳಿ ನೋಡೋಣ."

ಇಬ್ಬರೂ ಒಟ್ಟಿಗೇ ಬಾಯಿ ತೆರೆದರು. ಓಡುವ ಹಾಗೆ ನಟಿಸಿ, ತುದಿಯಲ್ಲಿ ನಿಂತ ಉದ್ದನೆಯ ಹುಡುಗನಿಗೆ ಎಸೆಯಬೇಕಿತ್ತು ಎಂದ ಡುವೇನ್. ಎಸೆಯುವುದೆಲ್ಲ ತಲೆಹರಟೆ, ಸೀದಾ ಮಧ್ಯದಲ್ಲಿ ತೂರಬೇಕಿತ್ತು ಎಂದ ಟ್ರಿಪ್. ಒದೆಯಬೇಕಿತ್ತು ಎಂದ ಹಾಯ್ಟ್, ಯಾರೂ ಕೇಳದಿದ್ದರೂ. ಬಾಯಲ್ಲಿ ಬಗೆಹರಿಯಲಿಲ್ಲ. ಆರ್ಜೆಲ್ಲಾ ಜಗುಲಿಯಿಂದ ಇಳಿದು ಬಂದಳು.

"ಆ ಬೋರ್ಡುಗಳನ್ನ ಕಿತ್ತು ಇಲ್ಲಿ ಸಾಲಾಗಿ ನೆಡ್ರೋ. ಇದು ನಡುವಿನೋನು. ಇವರಿಬ್ಬರು ಅವನ ಅಕ್ಕಪಕ್ಕ. ಟಗರನ್ನ ತನ್ನಿ, ಅದು ಚೆಂಡು ಹಿಡಿಯೋ ಹುಡುಗ."

ಡಾಗ್‌ವುಡ್ ಬೀದಿಯಲ್ಲಿ ನಡೆದುಹೋಗುತ್ತಿದ್ದವರು ನಿಂತು ನೋಡಿದರು: ಮಾರಾಟಕ್ಕಿರುವ ಹತ್ತು ಮನೆಗಳು ಒಂದು ಟಗರಿನ ಮುಂದೆ ಗೋಡೆಯಾಗಿ ನಿಂತಿವೆ, ನೇರಳೆ ಟೋಪಿಯ ಮುದುಕಿ ಅವುಗಳ ಹಿಂದೆ ನಿಂತು ಗದರುತ್ತಿದ್ದಾಳೆ, ಎದುರಿಗೆ, ಎದುರಾಳಿ ತಂಡ ಇಡಿಯಾಗಿ ತಾನೊಬ್ಬನೇ ಆಗಿ, ಹಾಯ್ಟ್ ಲ್ಯಾಕಿ ಕೈ ಅಗಲಿಸಿ ನಿಂತಿದ್ದಾನೆ.

"ಎಸಿ ಈಗ ನಿನ್ನ ಉದ್ದ ಹುಡುಗನಿಗೆ" ಎಂದಳು ಡುವೇನ್‌ಗೆ.

"ನಾನು ಇಲ್ಲೇ ನಿಂತಿರ್ತೀನಲ್ಲಪ್ಪ!" ಹಾಯ್ಟ್ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ತುದಿಯ ಬೋರ್ಡನ್ನು ಅಪ್ಪಿಕೊಂಡ. "ಚೆಂಡು ನನ್ನ ಕೈಗೇ ಬೀಳುತ್ತೆ. ಒದ್ದಿದ್ರೆ ಈ ಗತಿ ಬರ್ತಿತ್ತಾ?"

"ನೀವು ಆ ಕಡೆ ಸರಿದ್ರಲ್ಲ, ಈಗ ನೋಡಿ ನಡು!" ಆರ್ಜೆಲ್ಲಾ ಮಧ್ಯದ ಮೂರು ಬೋರ್ಡುಗಳ ಬೆನ್ನಿಗೆ ಕೈ ಕೊಟ್ಟಳು. "ಎಸೀಲಿ ಎಸೀಲಿ ಅಂತ ನಲವತ್ತು ವರ್ಷ ಕೂಗಿದೋಳು ನಾನೇ. ಆದ್ರೆ ಒಂದು ಗಜಕ್ಕೆ ಎಸೆಯೋದೂ ಬೇಡ, ಕಡ್ಡಿ ಹುಡುಗನ್ನ ಬೀದಿ ಸುತ್ತಿಸೋದೂ ಬೇಡ. ಎಲ್ಲರೂ ಒಟ್ಟಿಗೆ ಮುಂದಿನೋನ ಬೆನ್ನು ನೂಕಿ! ಒಂದು ಗಜ ತಾನೇ ಬರುತ್ತೆ. ನಾವು ಮೇಸ್ತ್ರಿಯನ್ನ ನೂಕಿದ್ದು ಹಾಗೇ."

ಟ್ರಿಪ್ "ಹೇಳಿದ್ನಾ?" ಎಂದು ಕುಣಿದ. ನಡುವಿಗೆ ಓಡಿ ಬಂದ ಹಾಯ್ಟ್ ಬೋರ್ಡು ತಗಲಿ ಹುಲ್ಲಿನ ಮೇಲೆ ಕೂತುಬಿಟ್ಟಿದ್ದ. ಕೂತಲ್ಲಿಂದಲೇ, ಇದು ನ್ಯಾಯವಲ್ಲ, ನಾನೊಬ್ಬನೇ ಇದ್ದೆ ಎಂದು ವಾದಿಸುತ್ತಿದ್ದ.

ಬೋರ್ಡುಗಳನ್ನೆಲ್ಲ ಗಾಡಿಗೆ ತುಂಬಿದ ಮೇಲೆ ಡುವೇನ್ ಕತ್ತು ಕೆರೆದುಕೊಂಡ. "ಮ್ಯಾಮ್, ಕೋಚ್‌ನ ಸರಿಯಾದ ಮನೆ ಯಾವ್ದು ಅಂತ ನಿಮಗೆ ಗೊತ್ತಾ?"

"ಗೊತ್ತು. ಹೇಳಲ್ಲ."

"ಯಾಕೆ? ನೀವೂ ಅವನನ್ನ ಬೈದ್ರಲ್ಲ!"

"ಬೈದೆ, ಇನ್ನೂ ಬೈತೀನಿ. ಆದ್ರೆ ಅವನ ಹೆಂಡ್ತಿ ಬೆಳಿಗ್ಗೆ ಬಾಗಿಲು ತೆಗೆದು, ನಾನು ನೋಡಿದ್ದನ್ನ ನೋಡ್ಬಾರ್ದು. ನಾವು ಮುಷ್ಕರ ಮಾಡಿದ್ದು ಕಾರ್ಖಾನೆ ಗೇಟಲ್ಲಿ, ಮೇಸ್ತ್ರಿ ಮಕ್ಕಳು ಮಲಗೋ ಕೋಣೆ ಮುಂದೆ ಅಲ್ಲ. ಶನಿವಾರ ಸ್ಟೇಡಿಯಂ ಗೇಟಿಗೆ ಬನ್ನಿ, ಹಗಲು ಹೊತ್ತು, ಕುಡೀದೆ. ಅವನ ಮುಖಕ್ಕೇ ಹೇಳೋಣ. ನಾನೂ ಬರ್ತೀನಿ."

ಗಾಡಿ ಹೋಯಿತು. ಹುಲ್ಲಿನ ತುಂಬ ತಂತಿ ಚುಚ್ಚಿದ ತೂತುಗಳು ಉಳಿದವು. ಹಾಯ್ಟ್ ಪ್ಯಾಂಟು ಕೊಡವಿಕೊಂಡು ಬೇಲಿಯ ಆಚೆಗೆ ಹೊರಟ.

"ಮಿಸ್ಟರ್ ಹಾಯ್ಟ್" ಎಂದಳು. "ನಿನ್ನೆ ಅಂದ ಮಾತು ಆಟದ ಮಾತಲ್ಲ. ಅನ್ನಬಾರ್ದಿತ್ತು."

"ಅಂದಿದ್ದು ಪೂರ್ತಿ ಸುಳ್ಳೂ ಅಲ್ಲ ಬಿಡಿ" ಎಂದ ಅವನು, ತಿರುಗದೆ.

ಶಾರ್ನೆಟ್ ಆಗಲೇ ಎರಡು ಸಲ ಫೋನ್ ಮಾಡಿದ್ದಳು. ಆರ್ಜೆಲ್ಲಾ ಒಲೆಯ ಮೇಲೆ ತಣ್ಣಗಾಗಿದ್ದ, ಬನ್ನಿನಂಥ ಮೆತ್ತನೆ ಬಿಸ್ಕಿಟ್ಟಿನ ಮೇಲೆ ಗ್ರೇವಿ ಸುರಿದುಕೊಂಡು, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಳು.

"ಯಾರಂತೆ ಅಮ್ಮಾ?"

"ಪೆದ್ದರು. ಬರೀ ಪೆದ್ದರು." ಅವಳು ಬಾಯಿ ತುಂಬ ತುಂಬಿಕೊಂಡಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. "ನಾನೆಲ್ಲೂ ಬರಲ್ಲ ಕಣೇ. ನೀನೇ ಬಾ, ಶನಿವಾರ ಇಲ್ಲೇ ಆಟ ಇದೆ."

ಆ ಕಡೆಯಿಂದ ಮಗಳು ಮೂಗು ಎಳೆದುಕೊಳ್ಳುವ ಸದ್ದು ಬಂತು. ಅಳುವೋ ನಗುವೋ ತಿಳಿಯಲಿಲ್ಲ. ಆರ್ಜೆಲ್ಲಾ ಇನ್ನೆರಡು ಬಿಸ್ಕಿಟ್ಟು ಹಾಕಿಕೊಂಡಳು, ಹೊಟ್ಟೆ ತುಂಬ ಉಂಡಳು, ಟೋಪಿ ಕುರ್ಚಿಯ ಮೇಲೆ ಎಸೆದು ಹಾಸಿಗೆಗೆ ಬಿದ್ದವಳು ಸಂಜೆಯ ತನಕ ಏಳಲಿಲ್ಲ.